ರಚನೆ: ತಿಳಿದಿಲ್ಲ

ಸಿಟ್ಟು ಬಂದಾಗ ನಾನು ಪಾತ್ರೆ ತೊಳೆಯುತ್ತೇನೆ. ಅವತ್ತು ಒಮ್ಮೆ ತೊಳೆದು ಬೋರಲು ಹಾಕಿದ್ದ ಪಾತ್ರೆಗಳನ್ನೇ ಇಳಿಸಿಕೊಂಡು ಮತ್ತೆ ತಿಕ್ಕಿದೆ. ಕಟ್ಟೆಯ ಮೇಲೆ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಇಟ್ಟಿದ್ದೆ. ಅದರಲ್ಲಿದ್ದ ಸಾಲು ಇದು: ‘ಈ ನಾಟಕ ವಿಶ್ವಕೋಶದಲ್ಲಿ ಪುಟ ಪಡೆಯುವಷ್ಟು ಗಮನಾರ್ಹವೇ? ಮೂರೇ ಪ್ರದರ್ಶನ, ಪುಟದಲ್ಲಿ ಒಂದೂ ಮೂಲದ ಉಲ್ಲೇಖವಿಲ್ಲ. ಅಳಿಸಬಹುದೆಂದು ನನ್ನ ಅಭಿಪ್ರಾಯ. ಎರಡು ವಾರದೊಳಗೆ ಉಳಿದವರು ತಿಳಿಸಿ.’

ಆ ಸಾಲಿನಲ್ಲಿ ಒಂದು ತಪ್ಪೂ ಇರಲಿಲ್ಲ. ನನ್ನ ಸಿಟ್ಟಿಗೆ ಅದೇ ಕಾರಣ. ಇದೇ ಸಾಲನ್ನು, ಇದೇ ಧಾಟಿಯಲ್ಲಿ, ಎಷ್ಟು ಪುಟಗಳ ಮೇಲೆ ನಾನೇ ಬರೆದಿದ್ದೆನೋ ಲೆಕ್ಕವಿಲ್ಲ.

ನಾನು ಕೊಳ್ಳೇಗಾಲದಲ್ಲಿ ಹೈಸ್ಕೂಲಿಗೆ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಕೆಲಸದಲ್ಲಿದ್ದಾಗಲೇ ಅಂತರ್ಜಾಲದ ಒಂದು ಕನ್ನಡ ವಿಶ್ವಕೋಶಕ್ಕೆ ಬರೆಯುವ ಚಟ ಹತ್ತಿತ್ತು. ಅದರಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಹಾಗಾಗಿಯೇ ಬೇಡದ್ದನ್ನು ಕಿತ್ತುಹಾಕಲು ಜನ ಬೇಕು. ನಾನು ಬರೆದದ್ದಕ್ಕಿಂತ ಕಿತ್ತದ್ದೇ ಹೆಚ್ಚು. ಎಮ್ಮೆಲ್ಲೆಗಳ ತಮ್ಮಂದಿರು, ಮಹದೇಶ್ವರ ಬೆಟ್ಟದ ದಾರಿಯ ಲಾಡ್ಜ್ ಮಾಲೀಕರು, ಶತ್ರುನಾಶ ಮಾಡಿಕೊಡುವ ಜ್ಯೋತಿಷಿಗಳು, ಎಲ್ಲರೂ ತಮ್ಮ ಬಗ್ಗೆ ತಾವೇ ಪುಟ ಬರೆದುಕೊಂಡು ಬರುತ್ತಿದ್ದರು. ಕಳೆ ಕಿತ್ತ ಹಾಗೆ ಕೀಳುತ್ತಿದ್ದೆ. ನಿಯಮ ಒಂದೇ: ನಿಮಗೆ ಸಂಬಂಧವಿಲ್ಲದ ಯಾರಾದರೂ ನಿಮ್ಮ ಬಗ್ಗೆ ಎಲ್ಲಾದರೂ ಅಚ್ಚು ಮಾಡಿಸಿದ್ದಾರೆಯೇ? ಮಾಡಿದ್ದರೆ ಇರಿ, ಇಲ್ಲದಿದ್ದರೆ ನಡೆಯಿರಿ.

ಒಮ್ಮೆ ರಾಮಾಪುರದ ಕಡೆಯವರೊಬ್ಬರು ತಮ್ಮ ತಂದೆಯ ಬಗ್ಗೆ ಪುಟ ಬರೆದಿದ್ದರು. ತಂದೆ ಹಾರ್ಮೋನಿಯಂ ಮೇಷ್ಟ್ರು, ಹಳ್ಳಿ ಹಳ್ಳಿ ತಿರುಗಿ ನಾಟಕ ಕಲಿಸಿದವರಂತೆ. ಪುರಾವೆ ಕೇಳಿದೆ. ‘ನಾನೇ ಮುಂದೆ ಕೂತು ನೋಡಿದ್ದೀನಿ ಮೇಡಂ, ಊರೂರೇ ನೋಡಿದೆ’ ಎಂದು ಬರೆದರು. ‘ನಿಮ್ಮ ನೆನಪು ಪುರಾವೆಯಲ್ಲ’ ಎಂದು ಉತ್ತರಿಸಿ ಪುಟವನ್ನು ಅಳಿಸಿದೆ. ಅವತ್ತು ಚೆನ್ನಾಗಿಯೇ ಊಟ ಮಾಡಿದೆ.

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ಈಗ ನನ್ನ ಸರದಿ ಬಂದಿತ್ತು. ಈ ನಾಟಕವನ್ನು ನಾನು ನೋಡಿದ್ದೆ. ನೋಡಿದ್ದಷ್ಟೇ ಅಲ್ಲ, ಅದರ ಹ್ಯಾಂಡ್‌ಬಿಲ್ಲನ್ನು ತಿದ್ದಿದವಳೂ ನಾನೇ.

ನಾಟಕ ಬರೆದವರು ನಮ್ಮ ಹಿಂದಿನ ಬೀದಿಯ ನೇಕಾರರ ಮನೆಯ ಹೆಂಗಸು. ನನಗಿಂತ ಎರಡು ವರ್ಷಕ್ಕೆ ದೊಡ್ಡವರು, ಅಕ್ಕ ಎಂದು ಕರೆಯುತ್ತೇನೆ. ಅವರು ನನ್ನನ್ನು ಮಿಸ್ ಅನ್ನುತ್ತಾರೆ. ಅವರ ಮಕ್ಕಳಿಬ್ಬರೂ ನನ್ನ ಕ್ಲಾಸಿನಲ್ಲಿದ್ದವರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ರಾಟೆ ಹಿಡಿದ ಅಕ್ಕ ಮಕ್ಕಳ ಹಳೆಯ ನೋಟ್‌ಬುಕ್ಕುಗಳಲ್ಲಿ ಉಳಿದ ಹಾಳೆಗಳ ಮೇಲೆ, ಮಗ್ಗದ ಸದ್ದಿನ ನಡುವೆ, ಎರಡು ವರ್ಷ ಕೂತು ಒಂದು ನಾಟಕ ಬರೆದರು. ಹೆಸರು ‘ಈ ಮನೇಲಿ ನೇಯೋರು ಯಾರು?’ ತಾವೂ ಸೇರಿ ಬೀದಿಯ ಹನ್ನೊಂದು ಹೆಂಗಸರ ತಂಡ ಕಟ್ಟಿ ಅವರೇ ಕಲಿಸಿದರು. ಆಟ ಯಾವಾಗಲೂ ಮಧ್ಯಾಹ್ನ, ಅದೂ ಭಾನುವಾರ. ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಒಲೆ ಮುಂದೆ ಇರಬೇಕಲ್ಲ!

ಕಥೆ ಏನೂ ದೊಡ್ಡದಲ್ಲ. ನೇಕಾರರ ಗುರುತಿನ ಚೀಟಿ ಮಾಡಲು ಒಬ್ಬ ಸಾಹೇಬ ಬೀದಿಗೆ ಬರುತ್ತಾನೆ. ಒಂದು ಮನೆಯಲ್ಲಿ ಮೂರು ಮಗ್ಗ. ನೇಯುವವರು ಎಷ್ಟು ಜನ ಎಂದು ಕೇಳಿದರೆ ಯಜಮಾನ ‘ನಾನೊಬ್ನೇ ಸಾ’ ಅನ್ನುತ್ತಾನೆ.

‘ಮಿಕ್ಕ ಎರಡು ಮಗ್ಗ?’

‘ಅವು ತಾವಾಗೇ ಆಡ್ತವ ಸಾ.’

‘ಈ ಹೆಂಗಸರು?’

‘ಅವ್ರು ಮನೆಯವ್ರು ಸಾ.’

ಸಾಹೇಬ ಅದನ್ನೇ ಬರೆದುಕೊಳ್ಳುತ್ತಾನೆ. ಮಾರನೆಯ ದಿನದಿಂದ ಹೆಂಗಸರು ಕೈಕಟ್ಟಿ ಕೂರುತ್ತಾರೆ, ಮಗ್ಗ ತಾನಾಗೇ ಆಡಲಿ ಅಂತ. ಮುಂದಿನದೆಲ್ಲ ಯಜಮಾನನ ಫಜೀತಿ. ಕಾಡಿಗೆಯಲ್ಲಿ ಮೀಸೆ ಬರೆದುಕೊಂಡು, ಪಂಚೆ ಉಟ್ಟು, ತಲೆಗೆ ಟವೆಲ್ಲು ಸುತ್ತಿದ ಹೆಂಗಸರು ಗಂಡಸರ ನಡಿಗೆಯನ್ನು, ಕೆಮ್ಮನ್ನು, ಕಾಫಿ ಕೇಳುವ ಗತ್ತನ್ನು ಆಡಿ ತೋರಿಸಿದರೆ ಕೂತ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಮೊದಲ ಆಟ ಕೊಳ್ಳೇಗಾಲದ ಸಮುದಾಯ ಭವನದಲ್ಲಿ, ಎರಡನೆಯದು ಹನೂರಿನಲ್ಲಿ ಸ್ತ್ರೀಶಕ್ತಿ ಸಂಘದವರ ಸಭೆಯಲ್ಲಿ, ಮೂರನೆಯದು ಯಳಂದೂರಿನ ಒಂದು ಕಾಲೇಜಿನಲ್ಲಿ. ಹನೂರಿನ ಆಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ‘ಅವು ತಾವಾಗೇ ಆಡ್ತವ ಸಾ’ ಅಂದ ಕೂಡಲೇ ಬಂಡಳ್ಳಿಯಿಂದ ಬಂದಿದ್ದ ಹೆಂಗಸೊಬ್ಬಳು ಕೂತಲ್ಲಿಂದಲೇ ಕೂಗಿದಳು: ‘ನಮ್ ವೊಲನೂ ತಾನಾಗೇ ಕಳ ಕಿತ್ಕತದ ಕಣ್ಲಾ!’ ಆಟ ಐದು ನಿಮಿಷ ನಿಂತೇಹೋಯಿತು. ಮೀಸೆ ಬರೆದುಕೊಂಡಿದ್ದ ಯಜಮಾನನಿಗೂ ನಗು ತಡೆಯಲಾಗದೆ ಮೀಸೆಯೆಲ್ಲ ಕದಡಿ ಕೆನ್ನೆಗೆ ಹರಡಿತು.

ಈಗ ಹ್ಯಾಂಡ್‌ಬಿಲ್ಲಿನ ಕಥೆ ಹೇಳಬೇಕು. ಅಲ್ಲಿಂದಲೇ ಎಲ್ಲ ಕೆಟ್ಟದ್ದು.

ಅಕ್ಕನ ಬೀದಿಯಲ್ಲಿ ಆ ವಯಸ್ಸಿನ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಅಂತ. ಬ್ಯಾಂಕಿನಲ್ಲಿ ಕೇಳಿದರೆ ಪಕ್ಕದವಳ ಕೈಯಲ್ಲಿ ಹೇಳಿಸುತ್ತಾರೆ. ಇನ್ನು ಅವರವರ ಸ್ವಂತ ಹೆಸರನ್ನು ಅಚ್ಚು ಹಾಕಿಸಿ ಗೋಡೆ ಗೋಡೆಗೆ ಅಂಟಿಸುವುದೆಂದರೆ ಅದೂ ಆಗದು, ‘ಇದ್ಯಾರಪ್ಪಾ ಗತಿಗೆಟ್ಟೋರು’ ಅಂತ ಆಡಿಕೊಳ್ಳುತ್ತಾರಂತೆ. ಆದ್ದರಿಂದ ‘ಶ್ರೀ ಇಂಥವರ ಮನೆಯವರು’ ಎಂದು ಹಾಕಿಸುವುದೆಂದು ಹನ್ನೊಂದು ಜನವೂ ಸೇರಿ ತೀರ್ಮಾನ ಮಾಡಿದರು. ಹೆಸರು ಬಾಯಿಬಿಟ್ಟು ಹೇಳುವ ಹಾಗಿಲ್ಲವಲ್ಲ, ಎಲ್ಲರ ಆಧಾರ್ ಕಾರ್ಡುಗಳನ್ನೂ ಒಂದು ಕೈಚೀಲದಲ್ಲಿ ಹಾಕಿಕೊಂಡು ಅಕ್ಕ ನನ್ನ ಮನೆಗೆ ಬಂದರು.

‘ನೀವೇ ನೋಡ್ಕಂಡು ಬರ್ಕಳಿ ಮಿಸ್.’

ಬರೆದುಕೊಂಡೆ. ಪ್ರತಿ ಕಾರ್ಡಿನ ಮುಂದುಗಡೆ ಆ ಹೆಂಗಸಿನ ಫೋಟೋ ಇತ್ತು, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಅವಳ ಹೆಸರಿತ್ತು. ಅದನ್ನು ತಿರುಗಿಸಿ, ಹಿಂದಿನ ವಿಳಾಸದಲ್ಲಿ ಸಣ್ಣದಾಗಿದ್ದ ಗಂಡನ ಹೆಸರನ್ನು ಹುಡುಕಿ ನಕಲು ಮಾಡಿದೆ. ಒಂದಲ್ಲ ಎರಡಲ್ಲ, ಹನ್ನೊಂದು ಸಲ ತಿರುಗಿಸಿದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಇದೇನು ಮಾಡುತ್ತಿದ್ದೇನೆ ಎಂದು ಒಂದು ಸಲವೂ ಅನ್ನಿಸಲಿಲ್ಲ. ಆ ದಿನವನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಪ್ರೆಸ್ಸಿನವನು ಇನ್ನೊಂದು ಬುದ್ಧಿವಂತಿಕೆ ಮಾಡಿದ. ‘ಮನೆಯವರು’ ಎಂದು ಹನ್ನೊಂದು ಸಲ ಹಾಕಿದರೆ ಜಾಗ ಸಾಲದು ಅಂತ ಗಂಡಸರ ಹೆಸರನ್ನೆಲ್ಲ ಸಾಲಾಗಿ ಜೋಡಿಸಿ, ಪಕ್ಕದಲ್ಲಿ ಉದ್ದಕ್ಕೆ ಒಂದು ಕಂಸ ಎಳೆದು, ಅದರಾಚೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ‘ಮನೆಯವರು’ ಎಂದು ಒಂದೇ ಒಂದು ಸಲ ಹಾಕಿದ. ರಚನೆ, ನಿರ್ದೇಶನ ಎಂಬಲ್ಲಿದ್ದ ಅಕ್ಕನ ಯಜಮಾನರ ಹೆಸರೂ ಆ ಕಂಸದೊಳಗೇ ಹೋಯಿತು. ಪ್ರೂಫ್ ನನ್ನ ಕೈಗೆ ಬಂತು. ಎರಡು ಕಾಗುಣಿತ ತಿದ್ದಿ, ಸರಿಯಾಗಿದೆ ಎಂದು ಸಹಿ ಹಾಕಿ ಕೊಟ್ಟೆ.

ಕೊಳ್ಳೇಗಾಲದ ಆ ಮೊದಲ ಆಟಕ್ಕೆ ಊರಿನ ವರದಿಗಾರ ಬರಲಿಲ್ಲ. ಹ್ಯಾಂಡ್‌ಬಿಲ್ಲನ್ನೂ ಯಾರದೋ ಫೋನಿನಿಂದ ತರಿಸಿಕೊಂಡ ಫೋಟೋವನ್ನೂ ಮುಂದಿಟ್ಟುಕೊಂಡು ಸುದ್ದಿ ಬರೆದ. ನೇಕಾರರು ಆಡಿದ ನಾಟಕ ಜನರ ಮೆಚ್ಚುಗೆ ಪಡೆಯಿತು ಅಂತ ಶುರುಮಾಡಿ, ಹನ್ನೊಂದು ಗಂಡಸರ ಹೆಸರು ಪಟ್ಟಿ ಮಾಡಿದ. ಅಷ್ಟೂ ಜನ ಅವತ್ತು ಮನೆಯಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಪೇಪರು ಬಂದ ದಿನ ಬೀದಿಯೆಲ್ಲ ನಕ್ಕಿತು. ‘ನಮ್ಮೋರು ಯಾವಾಗ್ಲೇ ನಾಟ್ಕ ಕಲ್ತ್ರು!’ ಅಂತ ಹೆಂಗಸರೇ ಒಬ್ಬರಿಗೊಬ್ಬರು ಓದಿ ಹೇಳಿದರು. ನಾನೂ ನಕ್ಕೆ. ತಿದ್ದಿಸಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ಪೇಪರ್ ತಾನೆ, ನಾಳೆ ಬೋಂಡ ಕಟ್ಟಲು ಹೋಗುತ್ತದೆ ಅಂದುಕೊಂಡೆವು.

ಆಮೇಲೆ ಯಳಂದೂರಿನ ಕಾಲೇಜಿನಲ್ಲಿ ಆಟ ನೋಡಿದ ಉಪನ್ಯಾಸಕಿಯೊಬ್ಬರು ಆ ನಾಟಕದ ಬಗ್ಗೆ ವಿಶ್ವಕೋಶದಲ್ಲಿ ಪುಟ ಬರೆದರು. ಪುಣ್ಯಾತ್ಮರು, ಒಬ್ಬೊಬ್ಬರಿಗೂ ಫೋನ್ ಮಾಡಿ ‘ನಿಮ್ಮ ಹೆಸರೇನಮ್ಮ’ ಎಂದು ಕೇಳಿ, ಹನ್ನೊಂದು ಹೆಂಗಸರ ಸ್ವಂತ ಹೆಸರುಗಳನ್ನು ಹಾಕಿದ್ದರು. ರಚನೆ ಎಂಬಲ್ಲಿ ಅಕ್ಕನ ಹೆಸರು. ಅದನ್ನು ಅಕ್ಕನಿಗೆ ಫೋನಿನಲ್ಲಿ ತೋರಿಸಿದವಳು ನಾನು. ಅಕ್ಕ ಕನ್ನಡಕ ಹಾಕಿಕೊಂಡು ತಮ್ಮ ಹೆಸರಿನ ಮೇಲೆ ಬೆರಳಿಟ್ಟರು. ಬೆರಳು ತಗುಲಿ ಪುಟ ಜರುಗಿತು. ಮತ್ತೆ ತರಿಸಿ ತೋರಿಸಿದೆ. ‘ಲಗ್ನಪತ್ರಿಕೆ ಆದ್ಮೇಲ ಇದೇ ಮೊದ್ಲು ಮಿಸ್, ನನ್ನೆಸರ ನಾಕ್ ಜನ ಓದಂಗ ಎಲ್ಲಾರ ಕಂಡದ್ದು’ ಅಂದರು. ಅದಾದ ಮೇಲೆ ವಾರಕ್ಕೊಮ್ಮೆ ಏನಾದರೂ ನೆಪ ಹೇಳಿಕೊಂಡು ಬಂದು ‘ಅದು ಅಂಗೇ ಅದಾ?’ ಎಂದು ಕೇಳುತ್ತಿದ್ದರು. ನಾನು ತೆಗೆದು ತೋರಿಸುತ್ತಿದ್ದೆ.

ಆ ಪುಟದ ಮೇಲೆಯೇ ಈಗ ‘ಅಳಿಸಬಹುದು’ ಎಂಬ ಚೀಟಿ ಬಿದ್ದದ್ದು.

ನಾನು ‘ಉಳಿಸಿ’ ಎಂದು ಬರೆದೆ. ಎರಡು ದಿನ ಕಳೆದ ಮೇಲೆ ಬೇರೆ ಊರಿನ ಸಂಪಾದಕನೊಬ್ಬ ನನ್ನ ಪಕ್ಷಕ್ಕೆ ಬಂದ. ಅವನ ಮುಖ ನೋಡಿಲ್ಲ, ನಿಜವಾದ ಹೆಸರೂ ಗೊತ್ತಿಲ್ಲ, ಆದರೆ ಬಲು ಶ್ರದ್ಧೆಯ ಮನುಷ್ಯ. ಹುಡುಕಿ ಹುಡುಕಿ ಆ ಪತ್ರಿಕೆಯ ಸುದ್ದಿಯನ್ನು ಪತ್ತೆ ಮಾಡಿದ್ದ. ‘ಸ್ವತಂತ್ರ ಮೂಲದಲ್ಲಿ ವರದಿಯಾಗಿದೆ, ಆದ್ದರಿಂದ ಉಳಿಸಬಹುದು. ಆದರೆ ಪುಟದಲ್ಲಿದ್ದ ಹೆಸರುಗಳು ಮೂಲಕ್ಕೆ ತಾಳೆಯಾಗುತ್ತಿರಲಿಲ್ಲ. ಸರಿಪಡಿಸಿದ್ದೇನೆ.’

ಸರಿಪಡಿಸಿದ್ದ! ಹನ್ನೊಂದು ಹೆಂಗಸರ ಹೆಸರು ಕಿತ್ತು, ಹನ್ನೊಂದು ಗಂಡಸರ ಹೆಸರು ನೆಟ್ಟಿದ್ದ. ರಚನೆ ಎಂಬಲ್ಲಿ ಅಕ್ಕನ ಯಜಮಾನರು. ಅವತ್ತು ನನಗೆ ಮನೆಯ ಪಾತ್ರೆ ಸಾಲಲಿಲ್ಲ. ಅಟ್ಟದ ಮೇಲಿದ್ದ ಹಿತ್ತಾಳೆ ಕೊಳಗಗಳನ್ನೆಲ್ಲ ಇಳಿಸಿದೆ.

ಅವನಿಗೆ ಉದ್ದಕ್ಕೆ ಬರೆದೆ. ಹ್ಯಾಂಡ್‌ಬಿಲ್ಲು, ಕಂಸ, ಮನೆಯವರು, ಮಗ್ಗ, ಕ್ರಿಕೆಟ್ಟು, ಎಲ್ಲ. ಉತ್ತರ ನಾಲ್ಕೇ ಸಾಲು. ‘ನೀವು ಹೇಳುವುದು ನಿಜವಿರಬಹುದು. ಆದರೆ ಅದು ನಿಮ್ಮ ವೈಯಕ್ತಿಕ ತಿಳಿವಳಿಕೆ. ವರದಿಯ ಚಿತ್ರದಲ್ಲಿಯೂ ಮೀಸೆಯಿರುವ ಗಂಡಸರೇ ಕಾಣುತ್ತಿದ್ದಾರೆ. ಅಲ್ಲದೆ ನಾಟಕದ ಹ್ಯಾಂಡ್‌ಬಿಲ್ಲನ್ನು ತಿದ್ದಿರುವುದಾಗಿ ನೀವೇ ಹೇಳಿರುವುದರಿಂದ ನಿಮಗೆ ಇದರಲ್ಲಿ ಸಂಬಂಧವಿದೆ.’ ಅದರ ಕೆಳಗೆ, ಯಾವ ದುರುದ್ದೇಶವೂ ಇಲ್ಲದೆ, ಒಂದು ಹಳೆಯ ಚರ್ಚೆಯ ಕೊಂಡಿ ಕೊಟ್ಟಿದ್ದ. ಒತ್ತಿದರೆ ರಾಮಾಪುರದ ಹಾರ್ಮೋನಿಯಂ ಮೇಷ್ಟ್ರ ಪುಟದ ಚರ್ಚೆ ತೆರೆದುಕೊಂಡಿತು. ‘ನಿಮ್ಮ ನೆನಪು ಪುರಾವೆಯಲ್ಲ.’ ಕೆಳಗೆ ನನ್ನದೇ ಸಹಿ.

ಆ ರಾಮಾಪುರದವರ ಫೋನ್ ನಂಬರು ನನ್ನ ಹತ್ತಿರ ಇರಲಿಲ್ಲ. ಇದ್ದಿದ್ದರೆ ಅವತ್ತೇ ಮಾಡಿ, ‘ನಿಮ್ಮ ತಂದೆ ಇದ್ದದ್ದು ನಿಜ’ ಎಂದು ಹೇಳುತ್ತಿದ್ದೆ.

ನಿಯಮ ಬೇಡ ಅಂತ ನಾನು ಈಗಲೂ ಹೇಳುವುದಿಲ್ಲ. ನಿಯಮ ಇಲ್ಲದಿದ್ದರೆ ಜ್ಯೋತಿಷಿಗಳೇ ತುಂಬಿಕೊಳ್ಳುತ್ತಾರೆ. ಆದರೆ ಇದೆಂಥ ನ್ಯಾಯ? ನಾವು ಅಚ್ಚು ಹಾಕಿಸಿದ ಹ್ಯಾಂಡ್‌ಬಿಲ್ಲು ಪುರಾವೆಯಲ್ಲವಂತೆ, ಏಕೆಂದರೆ ಅದು ನಮ್ಮದೇ. ಅದೇ ಹ್ಯಾಂಡ್‌ಬಿಲ್ಲನ್ನು ಆಟ ನೋಡದವನೊಬ್ಬ ನೋಡಿ ಬರೆದದ್ದು ಪುರಾವೆಯಂತೆ, ಏಕೆಂದರೆ ಅವನಿಗೆ ಸಂಬಂಧವಿಲ್ಲ. ಸಂಬಂಧವಿಲ್ಲ ಸರಿ, ಕಣ್ಣೂ ಇಲ್ಲವಲ್ಲ! ನೋಡಿದವರ ಮಾತು ಗಾಳಿಗೆ, ನೋಡದವನ ಮಾತು ಕಲ್ಲಿಗೆ. ಯಳಂದೂರಿನ ಉಪನ್ಯಾಸಕಿಯೂ ಒಂದೆರಡು ಸಲ ವಾದಿಸಿ, ‘ನನಗ್ಯಾಕೆ ಬೇಕಿತ್ತು ಮೇಡಂ’ ಎಂದು ಕೈಬಿಟ್ಟರು.

ಅಷ್ಟರಲ್ಲಿ ಊರಿನ ಒಂದು ಸಂಘದವರು ಫೋನಿನಲ್ಲಿ ಆ ಪುಟ ನೋಡಿ, ನಮ್ಮಲ್ಲೇ ಒಬ್ಬ ನಾಟಕಕಾರ ಇರುವಾಗ ಹೊರಗಿನವರನ್ನು ಯಾಕೆ ಕರೆಯುವುದು ಅಂತ ತಮ್ಮ ಸಮಾರಂಭಕ್ಕೆ ಅಕ್ಕನ ಯಜಮಾನರನ್ನು ಕರೆದರು. ಅವರು ಹೋದರು. ಶಾಲು, ಹಾರ, ಮೈಸೂರು ಪೇಟ. ವೇದಿಕೆಯ ಮೇಲೆ ಕೂತು ಹಲ್ಲು ಕಿರಿದ ಫೋಟೋ ನನ್ನ ಫೋನಿಗೂ ಬಂತು. ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಅವರ ಮನೆಗೆ ನಡೆದೆ.

ದಾರಿಯಲ್ಲೇ ವರದಿಗಾರನಿಗೆ ಫೋನ್ ಮಾಡಿದೆ. ನನ್ನ ಹಳೆಯ ವಿದ್ಯಾರ್ಥಿ, ಬೈಗುಳ ಕೇಳಿಸಿಕೊಂಡ. ‘ನೀವೇ ತಿದ್ದಿ ಕೊಟ್ಟ ಹ್ಯಾಂಡ್‌ಬಿಲ್ಲಲ್ವಾ ಮಿಸ್’ ಎಂದು ಮೆಲ್ಲಗೆ ಅಂದ. ಕೊನೆಗೆ ಅವನೇ ಒಂದು ದಾರಿ ಹೇಳಿದ: ಹೆಂಡತಿ ಬಂದು ‘ನಾನು ಬರೆದದ್ದು’ ಅಂದರೆ ಆಫೀಸಿನಲ್ಲಿ ಮನೆಜಗಳ ಅಂದುಕೊಳ್ಳುತ್ತಾರೆ. ಯಜಮಾನರೇ ‘ನಾನು ಬರೆದಿಲ್ಲ’ ಎಂದು ಹೇಳಿದರೆ ತಿದ್ದುಪಡಿ ಹಾಕಿಸುತ್ತೇನೆ.

ನಾನು ಹೋದಾಗ ಯಜಮಾನರು ಮಗ್ಗದಲ್ಲಿದ್ದರು. ಅಕ್ಕ ಗೋಡೆಯ ಪಕ್ಕ ರಾಟೆಯ ಮುಂದೆ ಕೂತು ರೇಷ್ಮೆ ಸುತ್ತುತ್ತಿದ್ದರು. ಶಾಲು ಪ್ಲಾಸ್ಟಿಕ್ ಕವರಿನಲ್ಲೇ ಟಿವಿಯ ಮೇಲಿತ್ತು, ಅದರ ಮೇಲೆ ಪೇಟ. ನಿಂತುಕೊಂಡೇ ಎಲ್ಲ ಹೇಳಿದೆ.

ಯಜಮಾನರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈಯುವುದು ಸುಲಭವಾಗುತ್ತಿತ್ತು. ಲಾಳಿ ಎಸೆಯುತ್ತಲೇ ಮಾತಾಡಿದರು.

‘ನಾನ್ ಬರ್ದಿ ಅಂತ ಎಲ್ಲಾರ ಯೇಳಿದ್ನಾ ಮಿಸ್? ಅವ್ರೇ ಕರುದ್ರು, ಅದ್ಕ ವೋದಿ. ಬ್ಯಾಡ ಅಂದ್ರ ಕರ್ದೋರ್ಗ ಅವಮಾನ ಅಲ್ವಾ?’

‘ಬರೆದಿಲ್ಲ ಅಂತ ಈಗ ಒಂದು ಮಾತು ಹೇಳಿ. ಸಾಕು.’

‘ಜನ ಏನಂದಾರು? ಶಾಲು ಈಸ್ಕಂಡು ಈಗ ಇಲ್ಲ ಅಂತನ ಅಂತ ನಗಾಕಿಲ್ವಾ? ಅವ್ಳ್ದೂ ಒಂದೇ ನಂದೂ ಒಂದೇ, ಒಂದೇ ಮನ. ಯಾರೆಸರಿದ್ರ ಏನೀಗ?’

ಮಗ್ಗ ಟಕಟಕ ಆಡುತ್ತಲೇ ಇತ್ತು. ನನಗೆ ಮೈಯೆಲ್ಲ ಉರಿದು, ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ರಾಟೆ ನಿಂತಿತು. ಅಕ್ಕ ಎದ್ದು ನಿಂತರು. ಸೊಂಟ ನೆಟ್ಟಗೆ ಮಾಡಿಕೊಂಡು, ಕೈಗೆ ಅಂಟಿದ್ದ ಎಳೆ ಬಿಡಿಸಿ, ಗಂಡನನ್ನು ನೋಡಿ ಅವರ ಹೆಸರು ಹಿಡಿದು ಕರೆದರು. ತಂದೆಯ ಹೆಸರು, ಅವರ ಹೆಸರು, ಎರಡನ್ನೂ ಪೂರ್ತಿಯಾಗಿ, ಕ್ಲಾಸಿನಲ್ಲಿ ಹಾಜರಿ ಕೂಗಿದ ಹಾಗೆ.

ಮದುವೆಯಾಗಿ ನಲವತ್ತು ವರ್ಷದ ಮೇಲಾಗಿತ್ತು. ಆ ಹೆಸರು ಆ ಬಾಯಲ್ಲಿ ಬಂದದ್ದನ್ನು ಆ ಮನೆಯ ಗೋಡೆಯೂ ಕೇಳಿರಲಿಲ್ಲ. ಮಗ್ಗ ನಿಂತಿತು.

‘ನೀನ್ ಬರುದ್ಯಾ?’ ಎಂದು ಕೇಳಿದರು ಅಕ್ಕ.

ಯಜಮಾನರು ಹೆಂಡತಿಯ ಮುಖವನ್ನೇ ನೋಡಿದರು. ಭಯವೋ ಅವಮಾನವೋ, ಅವರ ಕೈ ಹಣೆಯ ವಿಭೂತಿಗೆ ಹೋಯಿತು. ಲಾಳಿಯನ್ನು ಕೆಳಗಿಟ್ಟು ‘ಇಲ್ಲ’ ಅಂದರು.

‘ಅಂಗಂತ ಫೋನ್ಲಿ ಯೇಳು.’

ನಾನು ವರದಿಗಾರನಿಗೆ ಫೋನ್ ಮಾಡಿ ಕೊಟ್ಟೆ. ಯಜಮಾನರು ಹೇಳಿದರು. ನಾನು ಫೋನ್ ಇಸಿದುಕೊಂಡು, ಬರೆದವರ ಹೆಸರನ್ನು, ಅಕ್ಕನ ಹೆಸರನ್ನು, ಎರಡು ಸಲ ಹೇಳಿ ಬರೆಸಿದೆ. ಫೋನ್ ಇಟ್ಟು ತಿರುಗಿದಾಗ ಅಕ್ಕ ಮತ್ತೆ ರಾಟೆಯ ಮುಂದೆ ಕೂತಿದ್ದರು. ಎಳೆ ಎರಡು ಸಲ ತುಂಡಾಯಿತು. ‘ಅವ್ರ್ಗೇನೂ ಆಗಲ್ಲ ಅಲ್ವಾ ಮಿಸ್?’ ಎಂದು ಪಿಸುಮಾತಿನಲ್ಲಿ ಕೇಳಿದರು.

‘ಏನೂ ಆಗಲ್ಲ ಅಕ್ಕ.’

ಮೂರು ದಿನಕ್ಕೆ ತಿದ್ದುಪಡಿ ಬಂತು. ಒಳಪುಟದ ಮೂಲೆಯಲ್ಲಿ, ಹರಾಜು ಪ್ರಕಟಣೆಯ ಕೆಳಗೆ, ಒಂದೇ ವಾಕ್ಯ. ಈ ನಾಟಕವನ್ನು ರಚಿಸಿದವರು ಶ್ರೀ ಇಂಥವರು ಅಲ್ಲ ಎಂದು ಸ್ವತಃ ಅವರೇ ತಿಳಿಸಿದ್ದಾರೆ. ಅಷ್ಟೇ. ಹಾಗಾದರೆ ಯಾರು? ಅದಿಲ್ಲ. ಅಕ್ಕನ ಹೆಸರಿಲ್ಲ. ವರದಿಗಾರನಿಗೆ ಫೋನ್ ಮಾಡಿದರೆ, ‘ನಾನು ಪೂರ್ತಿ ಕಳಿಸಿದ್ದೆ ಮಿಸ್, ಜಾಗ ಇಲ್ಲ ಅಂತ ಅಲ್ಲಿ ಕಟ್ ಮಾಡವ್ರೆ’ ಅಂದ. ಗಂಡನ ಹೆಸರಿಗೆ ಎರಡನೇ ಸಲವೂ ಜಾಗವಿತ್ತು.

ಆ ಶ್ರದ್ಧೆಯ ಸಂಪಾದಕ ತಿದ್ದುಪಡಿಯನ್ನೂ ನೋಡಿದ. ಅವನಿಗೆ ನಿಯಮವೆಂದರೆ ನಿಯಮ. ಅದೇ ಸಂಜೆ ಪುಟದಿಂದ ಯಜಮಾನರ ಹೆಸರು ತೆಗೆದ. ಆ ಜಾಗದಲ್ಲಿ ಬರೆದ: ‘ರಚನೆ: ತಿಳಿದಿಲ್ಲ.’

ಚರ್ಚೆಗೆ ಕೊಟ್ಟ ಗಡುವಿನಲ್ಲಿ ಇನ್ನೊಂದೇ ದಿನ ಉಳಿದಿತ್ತು. ಈ ಪುಟ ಇರಬೇಕೆ, ಬೇಡವೆ? ಅದನ್ನು ನಾನೊಬ್ಬಳೇ ತೀರ್ಮಾನಿಸುವ ಮಾತಲ್ಲ ಅನ್ನಿಸಿ ಫೋನ್ ಹಿಡಿದುಕೊಂಡು ಅಕ್ಕನ ಹತ್ತಿರ ಹೋದೆ. ಅಕ್ಕ ಕನ್ನಡಕ ಹಾಕಿಕೊಂಡು ಓದಿದರು. ಈ ಸಲ ಬೆರಳಿಡಲಿಲ್ಲ.

‘ತಿಳಿದಿಲ್ಲ ಅಂದ್ರ, ಯಾರ್ಗ ತಿಳಿದಿಲ್ಲ ಮಿಸ್?’

ನಾನು ಫೋನಿಗೆ ಕೈ ಚಾಚಿದೆ, ಅಕ್ಕ ಕೊಡಲಿಲ್ಲ.

‘ನಮ್ ಬೀದಿಗ ತಿಳಿದದ. ಹನೂರ್ನೋರ್ಗ ತಿಳಿದದ. ಆ ಬಂಡಳ್ಳಿ ಎಂಗ್ಸು ಅವತ್ತು ನನ್ ಕೈ ಇಡ್ಕಂಡು ಅತ್ಲು. ಅವ್ಳ್ಗ ತಿಳಿದದ.’ ಫೋನನ್ನು ನನ್ನ ಕೈಗೆ ವಾಪಸ್ ಕೊಟ್ಟರು. ‘ತಗುದ್ಬುಡಿ. ಅಪ್ಪ ಅಮ್ಮ ಇಲ್ದ ಕೂಸಂಗ ಯಾಕ ನಿಲ್ಸದು ಅದ?’

ಮನೆಗೆ ಬಂದು ಬರೆದೆ: ‘ಅಳಿಸಿ. ಈ ನಾಟಕವನ್ನು ಬರೆದವರು ಇದ್ದಾರೆ, ಬದುಕಿದ್ದಾರೆ, ನಮ್ಮ ಹಿಂದಿನ ಬೀದಿಯಲ್ಲಿದ್ದಾರೆ. ಅವರ ಹೆಸರನ್ನು ಹಾಕಲಾಗದ ಪುಟಕ್ಕೆ ಅವರ ನಾಟಕದ ಹೆಸರನ್ನು ಇಟ್ಟುಕೊಳ್ಳುವ ಯೋಗ್ಯತೆ ಇಲ್ಲ. ನಾಟಕ ಗಮನಾರ್ಹವೇ ಎಂದು ಕೇಳಿದಿರಿ. ಗಮನ ಕೊಡದವರು ನಾವು.’

ಹತ್ತು ನಿಮಿಷದಲ್ಲಿ ಆ ಸಂಪಾದಕನಿಂದ ಒಂದೇ ಪದದ ಉತ್ತರ ಬಂತು: ‘ಪುರಾವೆ?’

ಮಾರನೆಯ ದಿನ ಚರ್ಚೆ ಮುಗಿಯಿತು. ಪತ್ರಿಕೆಯಲ್ಲಿ ಎರಡು ಸಲ ಉಲ್ಲೇಖವಾಗಿರುವುದರಿಂದ ಪುಟವನ್ನು ಉಳಿಸಲಾಗಿದೆ ಎಂದು ಷರಾ ಬಿತ್ತು. ಸುದ್ದಿ ಒಂದು, ಅದು ತಪ್ಪು ಎಂಬ ತಿದ್ದುಪಡಿ ಒಂದು, ಸೇರಿ ಎರಡು. ಪಾತ್ರಧಾರಿಗಳ ಪಟ್ಟಿಯಲ್ಲಿ ಈಗಲೂ ಕ್ರಿಕೆಟ್ ನೋಡಿದ ಗಂಡಸರೇ ಇದ್ದಾರೆ. ನಾನು ಅಲ್ಲಿ ಬರೆಯುವುದನ್ನೂ ಕೀಳುವುದನ್ನೂ ಬಿಟ್ಟೆ. ಕೋಪ ಬಿಟ್ಟಿಲ್ಲ. ಈ ಬರಹದಲ್ಲಿ ನಾನು ಯಾರ ಹೆಸರನ್ನೂ ಹಾಕಿಲ್ಲ. ಅಕ್ಕನ ಹೆಸರು ಹಾಕಲು ಪೆನ್ನು ಎತ್ತಿದ್ದೆ. ಅಕ್ಕನೇ ಬೇಡವೆಂದರು. ‘ನೀವ್ ಒಂದ್ಸಲ ನಮ್ಮೆಸರ ಬರ್ದು ಆಯ್ತಲ್ಲ ಮಿಸ್, ಈಗ ನಾನ್ ಬರ್ಕತೀನಿ’ ಅಂದರು. ಆ ಮಾತಿನಲ್ಲಿ ಕುಟುಕು ಇತ್ತು. ಇರಬೇಕಾದ್ದೇ.

ಆಮೇಲೆ ಬಂಡಳ್ಳಿಯವರು ಆಟಕ್ಕೆ ಕರೆದರು, ಅದು ನಾಲ್ಕನೆಯದು. ಹೊಸ ಹ್ಯಾಂಡ್‌ಬಿಲ್ಲಿನ ಪ್ರೂಫ್ ಹಿಡಿದುಕೊಂಡು ಅಕ್ಕ ನನ್ನ ಮನೆಗೆ ಬಂದರು. ಈ ಸಲ ಆಧಾರ್ ಕಾರ್ಡಿನ ಚೀಲ ಇರಲಿಲ್ಲ. ಕಂಸವೂ ಇರಲಿಲ್ಲ. ಹನ್ನೊಂದು ಹೆಂಗಸರ ಹೆಸರುಗಳು ಒಂದರ ಕೆಳಗೊಂದು, ಎಲ್ಲಕ್ಕಿಂತ ಮೇಲೆ, ನಾಟಕದ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ, ಬರೆದವರ ಹೆಸರು. ಇಬ್ಬರ ಮನೆಯಲ್ಲಿ ಇದಕ್ಕಾಗಿ ಜಗಳವಾಗಿತ್ತಂತೆ. ಅಕ್ಕನ ಯಜಮಾನರು ಮಾತ್ರ ಶಾಲನ್ನು ಟಿವಿಯ ಮೇಲಿನಿಂದ ತೆಗೆದು ಬೀರುವಿನ ಒಳಗೆ ಇಟ್ಟರಂತೆ.

‘ಇದು ಪುರಾವ ಆಯ್ತದಾ ಮಿಸ್?’

‘ಇಲ್ಲ ಅಕ್ಕ. ನಾವೇ ಹಾಕಿಸಿದ್ದು ಆಗಲ್ಲ.’

‘ಆಗ್ದಿದ್ರ ಬುಡಿ’ ಅಂದರು.

ಬೆಳಿಗ್ಗೆ ಹತ್ತಕ್ಕೆ ಬಸ್‌ಸ್ಟಾಂಡಿನ ಕಾಂಪೌಂಡಿಗೆ ಅಂಟಿಸಲು ಹೊರಟೆವು. ಮೈದಾ ಅಂಟಿನ ಬಕೆಟ್ ನನ್ನ ಕೈಯಲ್ಲಿ, ಪೊರಕೆಕಡ್ಡಿ ಅಕ್ಕನ ಕೈಯಲ್ಲಿ. ಮೊದಲನೆಯದನ್ನು ಬಳಿದು ಅಂಟಿಸಿ ಅಂಗೈಯಿಂದ ಒತ್ತುತ್ತಿದ್ದರು. ಹನೂರಿನ ಬಸ್ಸಿಗೆ ಕಾಯುತ್ತಿದ್ದವರೊಬ್ಬರು ಹತ್ತಿರ ಬಂದು, ತಲೆ ಎತ್ತಿ, ಒಂದೊಂದೇ ಅಕ್ಷರ ಕೂಡಿಸಿ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿದರು.

‘ಇದ್ಯಾರ್ ಮನೆಯವ್ರವ್ವಾ?’ ಎಂದು ಕೇಳಿದರು.

ಅಕ್ಕ ತಿರುಗಿದರು. ಮೊಣಕೈವರೆಗೂ ಅಂಟು ಇಳಿಯುತ್ತಿತ್ತು.

‘ನಾನೇ ಕಣಪ್ಪ ಅದು’ ಅಂದರು.